ಚಂದಾ ಮುಗಿದಿದೆ, ದಯವಿಟ್ಟು ನವೀಕರಿಸಿ

ಮದರಾಸಿನಲ್ಲಿ ನಿಂತುಹೋಗಿದ್ದ ಪತ್ರಿಕೆಯೊಂದು ಕೋಲಾರದ ಚಿನ್ನದ ಗಣಿಯಲ್ಲಿ ಮತ್ತೆ ಚಿಗುರಿತು. 1907ರ ಜೂನ್‌ನಲ್ಲಿ ಅಯೋತ್ತಿದಾಸ ಪಂಡಿತರು ರಾಯಪೇಟೆಯಿಂದ ಹೊರಡಿಸಿದ ಆ ತಮಿಳು ವಾರಪತ್ರಿಕೆಯ ಬೆಲೆ ಅದರ ಹೆಸರಿನಲ್ಲೇ ಇತ್ತು: ‘ಒರು ಪೈಸಾ ತಮಿಳನ್’. ಮರುವರ್ಷ ಅದು ಬರೀ ‘ತಮಿಳನ್’ ಆಯಿತು. 1914ರಲ್ಲಿ ಪಂಡಿತರು ತೀರಿಕೊಂಡರು. ಪತ್ರಿಕೆ ಕುಂಟುತ್ತಾ ಕೆಲಕಾಲ ನಡೆದು ನಿಂತಿತು. 1926ರಲ್ಲಿ ಅದನ್ನು ಕೈಗೆತ್ತಿಕೊಂಡವರು ಗಣಿಯೂರಿನ ಜಿ. ಅಪ್ಪಾದುರೈ. ಮಾರಿಕುಪ್ಪಂ, ಚಾಂಪಿಯನ್ ರೀಫ್ಸ್ ಕಡೆ ಬೌದ್ಧ ಸಂಘಗಳು ಅಷ್ಟು ಹೊತ್ತಿಗೆ ಬೇರೂರಿದ್ದವು. ಚಾಂಪಿಯನ್ ರೀಫ್ಸ್‌ನ ಸಿದ್ಧಾರ್ಥ ಪುಸ್ತಕಶಾಲೆ ಪಂಡಿತರ ಬರಹಗಳನ್ನು ಪುಸ್ತಕವಾಗಿ ಹೊರತಂದಿತು. ಓದುಗರು ಗಣಿಯ ಕಾರ್ಮಿಕರು, ಅವರ ಮಕ್ಕಳು, ಅವರಿಗೆ ಓದಿ ಹೇಳುವವರು. ದೊಡ್ಡ ನಗರ ಸಾಕಲಾರದ ಪತ್ರಿಕೆಯನ್ನು ಸಾವಿರಾರು ಅಡಿ ಆಳಕ್ಕಿಳಿದು ದುಡಿಯುವ ಜನ ವರ್ಷಗಟ್ಟಲೆ ಸಾಕಿದರು.

‘ತಮಿಳನ್’ ಹವ್ಯಾಸದ ಪತ್ರಿಕೆಯಲ್ಲ, ಹೋರಾಟದ ಪತ್ರಿಕೆ. ಆದರೆ ಅಂಚೆಚೀಟಿ ಸಂಗ್ರಹ, ಹಕ್ಕಿ ವೀಕ್ಷಣೆ, ಛಾಯಾಗ್ರಹಣ, ಯಕ್ಷಗಾನ, ಹಾಸ್ಯ, ಕೈತೋಟ ಅಂತ ಒಂದೊಂದೇ ವಿಷಯವನ್ನು ಹಿಡಿದು ಹೊರಡುವ ಪತ್ರಿಕೆಗಳನ್ನು ಇವತ್ತು ಕಾಡುತ್ತಿರುವ ಪ್ರಶ್ನೆಗೆ ಅದು ನೂರು ವರ್ಷದ ಹಿಂದೆಯೇ ಒಂದು ಉತ್ತರ ಕೊಟ್ಟಿತ್ತು. ಓದುವವರು ಕಡಿಮೆ ಇರುವ ಪತ್ರಿಕೆಯ ಖರ್ಚನ್ನು ಯಾರು ಹೊರಬೇಕು ಎಂಬುದೇ ಆ ಪ್ರಶ್ನೆ.

ಕೋಲಾರ ಜಿಲ್ಲೆಗೆ ಈ ಪ್ರಶ್ನೆ ಹೊಸತಲ್ಲ. ಮುಳಬಾಗಿಲಿನ ಡಿ.ವಿ. ಗುಂಡಪ್ಪನವರು ಮೆಟ್ರಿಕ್ಯುಲೇಷನ್ ದಾಟಲಾಗದೆ ಕೆಲಸ ಹುಡುಕುತ್ತಿದ್ದ ದಿನಗಳಲ್ಲಿ ಚಿನ್ನದ ಗಣಿಯ ಒಂದು ಸೋಡಾ ಕಾರ್ಖಾನೆಯಲ್ಲಿ ದುಡಿದಿದ್ದರು. ಅಲ್ಲಿಂದ ಬೆಂಗಳೂರಿಗೆ ಹೋಗಿ ಒಂದರ ಹಿಂದೊಂದು ಪತ್ರಿಕೆ ನಡೆಸಿದರು, ನಿಲ್ಲಿಸಿದರು, ಮತ್ತೆ ಶುರು ಮಾಡಿದರು; ಪತ್ರಿಕಾ ವೃತ್ತಿಯ ಬಗ್ಗೆ ‘ವೃತ್ತಪತ್ರಿಕೆ’ ಎಂಬ ಪುಸ್ತಕವನ್ನೇ ಬರೆದರು. ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯಿಂದ ಅವರು ಹೊರಡಿಸಿದ ‘ಪಬ್ಲಿಕ್ ಅಫೇರ್ಸ್’ ಬಹುಕಾಲ ಬಾಳಿದ್ದಕ್ಕೆ ಅದರ ಬೆನ್ನಿಗೆ ಒಂದು ಸಂಸ್ಥೆ ಇದ್ದದ್ದೂ ಕಾರಣ. ಅದೇ ಜಿಲ್ಲೆಯ ಮಾಲೂರು ತಾಲ್ಲೂಕಿನ ಮಾಸ್ತಿಯವರದು ಇನ್ನೊಂದು ದಾರಿ. ಧಾರವಾಡದಲ್ಲಿ ಬೇಂದ್ರೆಯವರ ಬಳಗ ಆರಂಭಿಸಿದ್ದ ‘ಜೀವನ’ ಮಾಸಪತ್ರಿಕೆಯನ್ನು ಅವರು 1944ರಲ್ಲಿ ವಹಿಸಿಕೊಂಡರು. ಅದಕ್ಕೆ ಹಿಂದಿನ ವರ್ಷವಷ್ಟೇ ಮೈಸೂರು ಸರ್ಕಾರದ ನೌಕರಿ ಬಿಟ್ಟಿದ್ದರು. 1965ರವರೆಗೆ, ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು, ಪತ್ರಿಕೆ ನಡೆಯಿತು. ಅದರಿಂದ ಮಾಸ್ತಿಯವರು ಆಸ್ತಿ ಮಾಡಲಿಲ್ಲ ಎಂದು ಬೇರೆ ಹೇಳಬೇಕಿಲ್ಲ.

ಇದೇ ಗಣಿಯೂರಿನಲ್ಲಿ ಇಂಗ್ಲಿಷಿನಲ್ಲೂ ಒಂದು ಸಣ್ಣ ಪ್ರಕಟಣೆ ಹೊರಡುತ್ತಿತ್ತು. ಕೋಲಾರ್ ಗೋಲ್ಡ್ ಫೀಲ್ಡ್ ಮೈನಿಂಗ್ ಅಂಡ್ ಮೆಟಲರ್ಜಿಕಲ್ ಸೊಸೈಟಿಯ ಬುಲೆಟಿನ್ ಅದು. ಆಳದಲ್ಲಿ ಬಂಡೆ ಸಿಡಿಯುವುದು ಏಕೆ, ಸುರಂಗಕ್ಕೆ ಆಸರೆ ಕೊಡುವುದು ಹೇಗೆ ಎಂಬಂಥ ವಿಷಯಗಳನ್ನು ಎಂಜಿನಿಯರುಗಳೇ ಬರೆದು ಎಂಜಿನಿಯರುಗಳೇ ಓದುತ್ತಿದ್ದರು. ಬರೆಯುವವರು, ಓದುವವರು, ದುಡ್ಡು ಕೊಡುವವರು ಎಲ್ಲ ಒಂದೇ ಬಳಗದವರಾದ್ದರಿಂದ ಲಾಭ ನಷ್ಟದ ಮಾತೇ ಏಳಲಿಲ್ಲ.

ಈಗ ಗಣಿಯೂರಿನ ಪಕ್ಕದ ಇವತ್ತಿನ ಬಂಗಾರಪೇಟೆಗೆ ಬರೋಣ. ರೈಲು ನಿಲ್ದಾಣ, ಬಸ್ ನಿಲ್ದಾಣ, ಸಂಜೆಯಾದರೆ ಬಿಳಿ ನೀರಿನ ಪಾನಿಪುರಿಯ ಗಾಡಿಗಳ ಮುಂದೆ ಗುಂಪು. ಕನ್ನಡ, ತಮಿಳು, ತೆಲುಗು ಮೂರೂ ಒಂದೇ ಬೀದಿಯಲ್ಲಿ ಕೇಳುವ ಊರಿದು. ಇಂಥ ಊರಿನ ಪತ್ರಿಕೆ ಅಂಗಡಿಯಲ್ಲಿ ಹಗ್ಗಕ್ಕೆ ಕ್ಲಿಪ್ ಹಾಕಿ ನೇತುಹಾಕುವ ಜಾಗ ಇರುವುದೇ ನಾಲ್ಕೈದು ಮೊಳ. ಅದರಲ್ಲಿ ಮೂರು ಭಾಷೆಯ ದಿನಪತ್ರಿಕೆ, ವಾರಪತ್ರಿಕೆ, ಪಂಚಾಂಗ, ಉದ್ಯೋಗ ಮಾಹಿತಿಯ ಪತ್ರಿಕೆ, ಸ್ಪರ್ಧಾತ್ಮಕ ಪರೀಕ್ಷೆಯ ಗೈಡು ಎಲ್ಲಕ್ಕೂ ಪಾಲು ಸಿಗಬೇಕು. ಹಕ್ಕಿಯ ಬಗ್ಗೆಯೋ ಯಕ್ಷಗಾನದ ಬಗ್ಗೆಯೋ ಇರುವ ಮಾಸಪತ್ರಿಕೆ ಎರಡು ಪ್ರತಿ ಬಂದರೆ ಅದನ್ನು ಮುಂದೆ ನೇತುಹಾಕಲು ಅಂಗಡಿಯವರಿಗೆ ಕಾರಣವೇ ಇಲ್ಲ. ಅದು ಕೆಳಗಿನ ಕಟ್ಟಿನಲ್ಲೇ ಉಳಿಯುತ್ತದೆ. ತಿಂಗಳಾದ ಮೇಲೆ ಒಂದು ಪ್ರತಿಯಾದರೂ ವಾಪಸ್ ಹೋಗುತ್ತದೆ. ವಾಪಸ್ ಕಳಿಸುವ ಖರ್ಚು ಪತ್ರಿಕೆಯ ಬೆಲೆಗಿಂತ ಹೆಚ್ಚಾದರೆ ನೇರ ರದ್ದಿಗೆ.

ಲೆಕ್ಕವನ್ನು ಸ್ವಲ್ಪ ಹತ್ತಿರದಿಂದ ನೋಡಬಹುದು. 64 ಪುಟದ ಒಂದು ಕನ್ನಡ ಮಾಸಪತ್ರಿಕೆ ಇದೆ ಎಂದಿಟ್ಟುಕೊಳ್ಳಿ. ಅಚ್ಚಿನ ಮನೆಯ ಭಾಷೆಯಲ್ಲಿ ಹದಿನಾರು ಪುಟದ ನಾಲ್ಕು ಫಾರಂ, ಜೊತೆಗೆ ಬಣ್ಣದ ರಕ್ಷಾಪುಟ. ಬೆಲೆ 30 ರೂಪಾಯಿ, ಅಚ್ಚು ಹಾಕುವುದು 2,000 ಪ್ರತಿ. ಏಜೆಂಟರು ಮತ್ತು ಅಂಗಡಿಯವರ ಕಮಿಷನ್ ಒಟ್ಟು ಮೂರನೇ ಒಂದು ಪಾಲು ಅಂದರೆ ಪ್ರತಿಗೆ ಕೈಗೆ ಬರುವುದು 20 ರೂಪಾಯಿ. ಅರ್ಧ ಪ್ರತಿಗಳು ವಾಪಸ್ ಬಂದರೆ ಸಿಗುವುದು 20,000. ಅದೂ ಏಜೆಂಟರು ಬಾಕಿ ಉಳಿಸಿಕೊಳ್ಳದಿದ್ದರೆ. ಅಚ್ಚಾದ ಒಂದೊಂದು ಪ್ರತಿಗೆ ಹತ್ತೇ ರೂಪಾಯಿ ಗಿಟ್ಟಿದ ಹಾಗಾಯಿತು. ಆ ಹತ್ತು ರೂಪಾಯಿಯಲ್ಲಿ ಕಾಗದ, ಪ್ಲೇಟು, ಅಚ್ಚು, ಬೈಂಡಿಂಗು, ಬಂಡಲ್ ಸಾಗಣೆ, ಕಚೇರಿ ಬಾಡಿಗೆ, ಪುಟ ಜೋಡಿಸುವವರ ಸಂಬಳ ಎಲ್ಲ ಆಗಬೇಕು. ಆಗುವುದಿಲ್ಲ. ಲೇಖಕರ ಸಂಭಾವನೆಯನ್ನು ಈ ಪಟ್ಟಿಗೆ ಸೇರಿಸಿಯೇ ಇಲ್ಲ. ಕನ್ನಡದ ಬಹುಪಾಲು ಸಣ್ಣ ಪತ್ರಿಕೆಗಳೂ ಸೇರಿಸುವುದಿಲ್ಲ, ‘ಗೌರವ ಪ್ರತಿ’ ಕಳಿಸಿ ಕೈಮುಗಿಯುತ್ತವೆ.

ಅದೇ ಪತ್ರಿಕೆ ಅಂಗಡಿಯ ಹಂಗು ಬಿಟ್ಟು 1,000 ಚಂದಾದಾರರಿಗೆ ಮಾತ್ರ ಹೋದರೆ? ವರ್ಷಕ್ಕೆ 360 ರೂಪಾಯಿಯಂತೆ ತಿಂಗಳಿಗೆ 30,000 ಬಂತು, ಅದೂ ಮುಂಗಡವಾಗಿ. ಅಚ್ಚು ಹಾಕಬೇಕಾದದ್ದು 1,050 ಪ್ರತಿ. ವಾಪಸ್ ಇಲ್ಲ, ಬಾಕಿ ಇಲ್ಲ, ರದ್ದಿ ಇಲ್ಲ. ಅಚ್ಚಿನ ಸಂಖ್ಯೆ ಹೆಚ್ಚುಕಮ್ಮಿ ಅರ್ಧಕ್ಕಿಳಿದು ಆದಾಯ ಒಂದೂವರೆ ಪಟ್ಟಾಯಿತು. ಪ್ರಸಾರ ಹೆಚ್ಚಿದಷ್ಟೂ ಒಳ್ಳೆಯದು ಎನ್ನುವುದು ದಿನಪತ್ರಿಕೆಯ ನಂಬಿಕೆ. ಸಣ್ಣ ಪತ್ರಿಕೆಯನ್ನು ಮುಳುಗಿಸುವುದೂ ಹಲವು ಸಲ ಅದೇ ನಂಬಿಕೆ.

ಈ ಚಂದಾ ಪದ್ಧತಿಗೆ ನಮ್ಮಲ್ಲಿ ಬೆನ್ನೆಲುಬಾಗಿ ನಿಂತದ್ದು ಅಂಚೆ ಇಲಾಖೆ. ನೋಂದಾಯಿತ ಪತ್ರಿಕೆಯ ಬಿಡಿ ಪ್ರತಿ 50 ಗ್ರಾಂ ಒಳಗಿದ್ದರೆ 25 ಪೈಸೆ, 100 ಗ್ರಾಂ ಒಳಗಿದ್ದರೆ 50 ಪೈಸೆ. ವರ್ಷಾನುಗಟ್ಟಲೆ ಇದ್ದ ದರ ಇದು. ಟೀ ಬೆಲೆ ಎಷ್ಟೋ ಪಟ್ಟು ಏರಿದರೂ ಪತ್ರಿಕೆಯೊಂದು ಪುತ್ತೂರಿನಿಂದ ಬಂಗಾರಪೇಟೆಗೆ ಇಷ್ಟೇ ಪೈಸೆಯಲ್ಲಿ ಬರುತ್ತಿತ್ತು. ಸಣ್ಣ ಪತ್ರಿಕೆಯ ಕೊನೆಯ ಪುಟದ ಬುಡದಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ಅಂಚೆ ನೋಂದಣಿ ಸಂಖ್ಯೆ, ಯಾವ ಕಚೇರಿಯಿಂದ ಯಾವ ತಾರೀಕಿಗೆ ರವಾನೆ ಎಂಬ ವಿವರ ಇರುತ್ತದಲ್ಲ, ಪತ್ರಿಕೆಯ ಜೀವ ಇರುವುದು ಆ ಸಾಲಿನಲ್ಲಿ. ಆ ತಾರೀಕು ತಪ್ಪಿದರೆ ರಿಯಾಯಿತಿಯೂ ತಪ್ಪೀತು ಎಂದು ಸಂಪಾದಕರು ಮುನ್ನಾ ರಾತ್ರಿ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ವಿಳಾಸದ ಚೀಟಿ ಅಂಟಿಸುತ್ತಾರೆ.

ರಿಯಾಯಿತಿಗೆ 1898ರ ಅಂಚೆ ಕಾಯ್ದೆ ಎರಡು ಷರತ್ತು ಹಾಕಿತ್ತು. ಪತ್ರಿಕೆಗೆ ನಿಜವಾದ ಚಂದಾದಾರರ ಪಟ್ಟಿ ಇರಬೇಕು, ಸಂಚಿಕೆಗಳ ನಡುವಿನ ಅಂತರ 31 ದಿನ ಮೀರಬಾರದು. ಹವ್ಯಾಸದ ಪತ್ರಿಕೆಗಳಿಗೆ ಮುಳ್ಳಾದದ್ದು ಈ ಎರಡನೆಯದು. ಇಂಥವು ಬಹುಪಾಲು ದ್ವೈಮಾಸಿಕ, ತ್ರೈಮಾಸಿಕ. ನಡೆಸುವವರಿಗೆ ಬೇರೆ ನೌಕರಿ ಇರುತ್ತದೆ, ತಿಂಗಳಿಗೊಂದು ತರುವ ತ್ರಾಣ ಇರುವುದಿಲ್ಲ. ಯಾರಿಗೆ ಸಹಾಯ ಹೆಚ್ಚು ಬೇಕಿತ್ತೋ ಅವರೇ ಹೊರಗುಳಿದರು. ಆ ಹಳೆಯ ಕಾಯ್ದೆಯ ಜಾಗಕ್ಕೆ 2023ರ ಹೊಸ ಅಂಚೆ ಕಾಯ್ದೆ 2024ರ ಜೂನ್‌ನಲ್ಲಿ ಬಂದಿದೆ. ಪತ್ರಿಕೆಗಳ ನೋಂದಣಿಯ ಹೊಸ ಕಾಯ್ದೆ ಅದೇ ವರ್ಷದ ಮಾರ್ಚ್‌ನಲ್ಲಿ ಜಾರಿಯಾಯಿತು. ಹೊಸ ಕಾಯ್ದೆಗಳನ್ನು ಓದಿ ಅರ್ಥ ಮಾಡಿಕೊಳ್ಳುವ ಕೆಲಸವೂ ಒಬ್ಬರೇ ಸಂಪಾದಕ, ಒಬ್ಬರೇ ಗುಮಾಸ್ತ ಆಗಿರುವ ಕಚೇರಿಗಳ ಪಾಲಿಗೆ ಸೇರಿಕೊಂಡಿತು.

ಒಬ್ಬರ ಜೇಬಿನಿಂದ ನಡೆದ ಪತ್ರಿಕೆಗಳ ಕತೆ ಕನ್ನಡದಲ್ಲಿ ಬೇಕಾದಷ್ಟಿದೆ. ಅವುಗಳಲ್ಲಿ ಎದ್ದು ಕಾಣುವುದು ‘ಕೊರವಂಜಿ’. 1942ರಲ್ಲಿ, ಯುದ್ಧ ನಡೆಯುತ್ತಿದ್ದ ಕಾಲದಲ್ಲಿ, ಡಾ. ಎಂ. ಶಿವರಾಂ ಎಂಬ ಬೆಂಗಳೂರಿನ ವೈದ್ಯರು ಹಾಸ್ಯಕ್ಕೆಂದೇ ಒಂದು ಮಾಸಪತ್ರಿಕೆ ತೆಗೆದರು. ‘ರಾಶಿ’ ಎಂಬ ಹೆಸರಿನಲ್ಲಿ ಬರೆದರು, ಬರೆಸಿದರು. ನಾ. ಕಸ್ತೂರಿ, ಟಿ. ಸುನಂದಮ್ಮ ಮುಂತಾದವರ ನಗೆಬರಹ ಬೆಳೆದದ್ದು ಅಲ್ಲಿ. ಆಗ ಮೈಸೂರಿನಲ್ಲಿ ಓದುತ್ತಿದ್ದ ಆರ್.ಕೆ. ಲಕ್ಷ್ಮಣ್ ಅದಕ್ಕೆ ಚಿತ್ರ ಬರೆದರು; ಮುಂದೆ ದೇಶಕ್ಕೆಲ್ಲ ಪರಿಚಯವಾದ ಆ ಗೆರೆಯನ್ನು ಕನ್ನಡಿಗರು ಮೊದಲೇ ನೋಡಿದ್ದರು. ಇಷ್ಟೆಲ್ಲ ಇದ್ದೂ ‘ಕೊರವಂಜಿ’ ವ್ಯಾಪಾರವಾಗಿ ಗೆದ್ದದ್ದಲ್ಲ. ಹಗಲು ರೋಗಿಗಳನ್ನು ನೋಡಿ, ಉಳಿದ ಹೊತ್ತಿನಲ್ಲಿ ಪ್ರೂಫ್ ತಿದ್ದುವ ಡಾಕ್ಟರರೊಬ್ಬರ ಹಟದಿಂದ ಅದು 25 ವರ್ಷ ನಡೆದು 1967ರಲ್ಲಿ ನಿಂತಿತು. 1980ರ ದಶಕದಲ್ಲಿ ಅದರ ವಾರಸುದಾರನಾಗಿ ‘ಅಪರಂಜಿ’ ಬಂದಾಗ ಹಿಂದಿನ ಪಾಠ ಕಲಿತವರಂತೆ ಅದನ್ನು ಟ್ರಸ್ಟಿನ ಹೆಗಲಿಗೆ ಹಾಕಲಾಯಿತು.

ಮಾಸ್ತಿ, ರಾಶಿ ಇಬ್ಬರೂ ದೊಡ್ಡವರು. ಆದರೆ ಒಂದು ಮಾತು ಹೇಳಲೇಬೇಕು: ಸಂಪಾದಕರ ತ್ಯಾಗವನ್ನು ಕೊಂಡಾಡುವುದು ಕನ್ನಡದ ಓದುಗರಿಗೆ ಅಗ್ಗದ ಅಭ್ಯಾಸವಾಗಿದೆ. ಜೇಬಿನಿಂದ ನಡೆಯುವ ಪತ್ರಿಕೆ ಆ ಜೇಬಿನ ಆಯುಸ್ಸಿನಷ್ಟೇ ಬಾಳುತ್ತದೆ. ‘ಪಾಪ, ಕೈಯಿಂದ ಹಾಕಿ ನಡೆಸುತ್ತಿದ್ದಾರೆ’ ಎಂದು ಮರುಗುತ್ತಲೇ ಗೌರವ ಪ್ರತಿ ಕೇಳುವವರು ಪ್ರತಿ ಊರಿನಲ್ಲೂ ಇದ್ದಾರೆ.

ಸಂಘಗಳ ದಾರಿ ಬೇರೆ. 1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ ಕನ್ನಡದ ಮೊದಲ ವಿಜ್ಞಾನ ಪತ್ರಿಕೆಯಾದ ‘ವಿಜ್ಞಾನ’ವನ್ನು ತಂದಾಗ ಬರೆಯಬಲ್ಲವರು ಬೆರಳೆಣಿಕೆ, ಓದಬಲ್ಲವರು ಅದಕ್ಕಿಂತ ಸ್ವಲ್ಪ ಹೆಚ್ಚು. ಎರಡು ವರ್ಷ ನಡೆಯಿತು, ನಿಂತಿತು. ಅರವತ್ತು ವರ್ಷದ ನಂತರ, 1978ರಲ್ಲಿ, ‘ಬಾಲ ವಿಜ್ಞಾನ’ ಶುರುವಾದಾಗ ಜೆ.ಆರ್. ಲಕ್ಷ್ಮಣರಾವ್ ಅವರಂಥ ಸಂಪಾದಕರ ಜೊತೆಗೆ ಶಾಲೆಗಳ ಜಾಲವೂ ಇತ್ತು. ಬೆನ್ನಿಗೆ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ನಿಂತಿತು. ಮೇಷ್ಟರೊಬ್ಬರು ಚಂದಾ ಕಟ್ಟಿದರೆ ಒಂದು ತರಗತಿಯೇ ಓದುತ್ತಿತ್ತು. ಎರಡೂ ಪತ್ರಿಕೆಗಳ ಬರಹ ಒಳ್ಳೆಯದೇ ಇತ್ತು. ಒಂದಕ್ಕೆ ಓದುಗರನ್ನು ಹಿಡಿದಿಡುವ ಏರ್ಪಾಡು ಇತ್ತು, ಇನ್ನೊಂದಕ್ಕೆ ಇರಲಿಲ್ಲ.

ಛಾಯಾಗ್ರಹಣದಲ್ಲಿ ಈ ಏರ್ಪಾಡು ದೇಶದ ಮಟ್ಟಕ್ಕೇ ಹೋಯಿತು. ಬೆಂಗಳೂರಿನ ಡಾ. ಜಿ. ಥಾಮಸ್ 1953ರಲ್ಲಿ ಫೆಡರೇಷನ್ ಆಫ್ ಇಂಡಿಯನ್ ಫೋಟೋಗ್ರಫಿಯನ್ನು ಕಟ್ಟಿದರು. ಅದರ ‘ವ್ಯೂಫೈಂಡರ್’ ಪತ್ರಿಕೆ ಸದಸ್ಯರಿಗೆ ಹೋಗುತ್ತದೆ. ಸ್ಪರ್ಧೆಯ ಪ್ರಕಟಣೆ, ಫಲಿತಾಂಶ, ಗೆದ್ದ ಚಿತ್ರಗಳು ಅದರಲ್ಲಿ ಬರುವುದರಿಂದ ಪತ್ರಿಕೆ ಬೇಕೆಂದೇ ಸದಸ್ಯರಾಗುವವರೂ ಉಂಟು. ಹಕ್ಕಿ ವೀಕ್ಷಕರ ಕತೆ ಇನ್ನೂ ಸರಳ. ಜಾಫರ್ ಫತೇಹಳ್ಳಿ 1959ರ ಕೊನೆಯಲ್ಲಿ ಮುಂಬೈಯಲ್ಲಿ ‘ನ್ಯೂಸ್‌ಲೆಟರ್ ಫಾರ್ ಬರ್ಡ್‌ವಾಚರ್ಸ್’ ಅನ್ನು ಸೈಕ್ಲೊಸ್ಟೈಲ್ ಹಾಳೆಗಳಲ್ಲಿ ಶುರು ಮಾಡಿದರು. ಅವರು ಬೆಂಗಳೂರಿನ ಕಡೆ ನೆಲೆಸಿದ ಮೇಲೆ ಪತ್ರಿಕೆಯೂ ಇಲ್ಲಿಗೆ ಬಂತು, ಎಸ್. ಶ್ರೀಧರ್ ತಮ್ಮ ಮುದ್ರಣಾಲಯದಿಂದಲೇ ಅದನ್ನು ಹೊರತಂದರು. ಮನೆಯ ಹಿತ್ತಲಲ್ಲಿ ಕಂಡ ಗೂಡಿನ ಬಗ್ಗೆ ಗೃಹಿಣಿಯೊಬ್ಬರು ಬರೆದ ನಾಲ್ಕು ಸಾಲಿಗೂ, ಪಕ್ಷಿತಜ್ಞರ ಟಿಪ್ಪಣಿಗೂ ಅಲ್ಲಿ ಒಂದೇ ಪಂಕ್ತಿ. ಓದುಗರೇ ಲೇಖಕರಾದ್ದರಿಂದ ಚಂದಾ ಕಟ್ಟುವುದು ತಮ್ಮ ಬರಹಕ್ಕೆ ತಾವೇ ಜಾಗ ಉಳಿಸಿಕೊಂಡಂತೆ ಆಗುತ್ತಿತ್ತು.

ಓದುಗರನ್ನೇ ಲೇಖಕರನ್ನಾಗಿ ಮಾಡುವ ಈ ಕೆಲಸವನ್ನು ಕನ್ನಡದಲ್ಲಿ ಎಲ್ಲರಿಗಿಂತ ಚೆನ್ನಾಗಿ ಮಾಡಿದ್ದು ಪುತ್ತೂರಿನ ‘ಅಡಿಕೆ ಪತ್ರಿಕೆ’. ಅಡಿಕೆ ಬೆಳೆಗಾರರ ಸಂಘದ ಆಸರೆಯಲ್ಲಿ 1988ರಲ್ಲಿ ಹುಟ್ಟಿದ ಮಾಸಪತ್ರಿಕೆ ಅದು. ಈಗ ಫಾರ್ಮರ್ ಫಸ್ಟ್ ಟ್ರಸ್ಟ್ ಅದರ ಪ್ರಕಾಶಕ. ಸಂಪಾದಕ ಶ್ರೀ ಪಡ್ರೆಯವರು ಕಾಸರಗೋಡಿನ ಗಡಿ ಕನ್ನಡಿಗರು, ತಾವೇ ಕೃಷಿಕರು. ಅಡಿಕೆಯ ಹೆಸರಿದ್ದರೂ ಅದರಲ್ಲಿ ಹಲಸು, ಮಳೆನೀರು, ಕೊಯ್ಲಿನ ಸಣ್ಣ ಯಂತ್ರ, ಹಪ್ಪಳದ ಮಾರುಕಟ್ಟೆ ಎಲ್ಲವೂ ಬರುತ್ತದೆ. ‘ಕೃಷಿಕರ ಕೈಗೆ ಲೇಖನಿ’ ಎಂಬ ಹೆಸರಿನಲ್ಲಿ ಶಿಬಿರ ನಡೆಸಿ, ಹಾರೆ ಹಿಡಿದವರಿಗೆ ಸುದ್ದಿ ಬರೆಯುವುದನ್ನು ಕಲಿಸಿದರು. ಲೇಖನದ ಕೊನೆಯಲ್ಲಿ ಆ ರೈತರ ಫೋನ್ ನಂಬರು. ಓದಿದವರು ನೇರವಾಗಿ ಕರೆ ಮಾಡುತ್ತಾರೆ, ಯಂತ್ರ ಎಲ್ಲಿ ಸಿಗುತ್ತದೆ, ಎಷ್ಟಾಯಿತು, ಕೆಟ್ಟರೆ ಯಾರು ರಿಪೇರಿ ಮಾಡುತ್ತಾರೆ ಎಂದು ಕೇಳುತ್ತಾರೆ. ಒಂದು ಸಂಚಿಕೆಯ ಸಲಹೆಯಿಂದ ಒಂದು ದಿನದ ಕೂಲಿ ಉಳಿದರೂ ವರ್ಷದ ಚಂದಾ ಗಿಟ್ಟಿದಂತೆ. ಆ ಓದುಗ ನವೀಕರಿಸಲು ಮರೆಯುವುದಿಲ್ಲ.

2021ರ ಲಾಕ್‌ಡೌನ್ ಕಾಲದಲ್ಲಿ ಬಾಳೆಕಾಯಿಯನ್ನು ಕೇಳುವವರಿಲ್ಲದಾದಾಗ ಇದೇ ಬಳಗ ಬಾಳೆಕಾಯಿ ಹುಡಿಯ ಆಂದೋಲನವನ್ನು ‘ಬಾಕಾಹು’ ಎಂಬ ಮೂರಕ್ಷರದಲ್ಲಿ ಹಬ್ಬಿಸಿತು. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಮಾಡುವ ವಿಧಾನ ಕಲಿತ ಹೆಣ್ಣುಮಕ್ಕಳು ತುಮಕೂರು, ಉತ್ತರ ಕನ್ನಡದ ಮನೆಗಳಲ್ಲಿ ಹುಡಿ ಮಾಡಿ ರೊಟ್ಟಿ, ದೋಸೆ ಹುಯ್ದರು. ವಿಷಯ ಪ್ರಧಾನಿಯವರ ‘ಮನ್ ಕಿ ಬಾತ್’ವರೆಗೆ ಹೋಯಿತು. ದೊಡ್ಡ ದಿನಪತ್ರಿಕೆಗಳೂ ಮಾಡದ ಕೆಲಸ ಅದು. ಹಾಗೆಂದು ಪತ್ರಿಕೆಯ ತಿಜೋರಿ ತುಂಬಿತೆಂದು ಯಾರೂ ಭಾವಿಸಬೇಕಿಲ್ಲ. ಪ್ರಭಾವ ಬೇರೆ, ಪ್ರಸಾರ ಬೇರೆ, ಪೈಸೆ ಬೇರೆ.

ಕೃಷಿ ಹೊಟ್ಟೆಪಾಡಿನ ವಿಷಯ, ಅಲ್ಲಿ ಓದುಗರಿಗೆ ಲಾಭ ಕಣ್ಣಿಗೆ ಕಾಣುತ್ತದೆ. ಬರೀ ಪ್ರೀತಿಯ ವಿಷಯಗಳಿಗೆ ಅಂಥ ಆಸರೆ ಇಲ್ಲ. ಯಕ್ಷಗಾನವನ್ನೇ ನೋಡಿ. ಕರಾವಳಿಯಲ್ಲಿ ರಾತ್ರಿಯಿಡೀ ಆಟ ನೋಡುವ ಸಾವಿರಾರು ಜನ ಇದ್ದಾರೆ, ಹತ್ತಾರು ಮೇಳಗಳಿವೆ. ಆದರೂ ಕುಂಬಳೆಯ ‘ಕಣಿಪುರ’ದಂಥ ಯಕ್ಷಗಾನ ಮಾಸಪತ್ರಿಕೆಗಳು ನಡೆದದ್ದು ಒಬ್ಬಿಬ್ಬರ ಓಡಾಟದಿಂದ. ಇಂಥ ಪತ್ರಿಕೆಗೆ ಜಾಹೀರಾತು ಎಂದರೆ ‘ಶುಭ ಹಾರೈಕೆಗಳೊಂದಿಗೆ’ ಎಂದು ಮುಂಬೈಯ ಹೋಟೆಲ್ ಉದ್ಯಮಿಯೊಬ್ಬರು ಕೊಡುವ ಅರ್ಧ ಪುಟ. ಅದು ಜಾಹೀರಾತಲ್ಲ, ದೇಣಿಗೆ. ಮುಂದಿನ ವರ್ಷ ಅವರ ಮಗನಿಗೆ ಯಕ್ಷಗಾನದಲ್ಲಿ ಒಲವಿಲ್ಲದಿದ್ದರೆ ಆ ಅರ್ಧ ಪುಟವೂ ಇಲ್ಲ.

ನಿಜವಾದ ಜಾಹೀರಾತು ಕನ್ನಡದ ಹವ್ಯಾಸ ಪತ್ರಿಕೆಗಳಿಗೆ ಬರದಿರಲು ಇನ್ನೊಂದು ಕಾರಣವೂ ಇದೆ. ಕ್ಯಾಮೆರಾ, ದುರ್ಬೀನು, ಗಿಟಾರು ಮಾರುವ ಅಂಗಡಿಯವರು ತಮ್ಮ ಗಿರಾಕಿ ಇಂಗ್ಲಿಷ್ ಓದುವವರೆಂದೇ ನಂಬಿದ್ದಾರೆ. ಬಂಗಾರಪೇಟೆಯ ಹುಡುಗನೊಬ್ಬ ಕಂತಿನಲ್ಲಿ ಕ್ಯಾಮೆರಾ ಕೊಂಡು ಮದುವೆ ಚಿತ್ರ ತೆಗೆದು ಬದುಕುತ್ತಿರುವುದು, ಅವನು ಕನ್ನಡದಲ್ಲೋ ತಮಿಳಿನಲ್ಲೋ ಕಲಿಯಲು ಬಯಸುವುದು ಅವರ ಲೆಕ್ಕಕ್ಕೆ ಸೇರಿಲ್ಲ. ಇಂಗ್ಲೆಂಡಿನಲ್ಲಿ 1949ರಿಂದ ಬರುತ್ತಿರುವ ‘ರೈಲ್ವೆ ಮಾಡೆಲರ್’ ಪತ್ರಿಕೆಯ ಒಡೆತನ ಆಟಿಕೆ ರೈಲಿನ ಹಳಿ ತಯಾರಿಸುವ ಪೀಕೊ ಕಂಪನಿಯದು. ಪತ್ರಿಕೆ ಓದಿದವರು ಹಳಿ ಕೊಳ್ಳುತ್ತಾರೆ, ಹಳಿ ಮಾರಿದ ದುಡ್ಡಿನಲ್ಲಿ ಪತ್ರಿಕೆ ನಡೆಯುತ್ತದೆ. ನಮ್ಮಲ್ಲಿ ಇಂಥ ಕೈಜೋಡಿಕೆಗೆ ಮುಂದಾದ ವ್ಯಾಪಾರಿಗಳು ವಿರಳ.

ಹೊರದೇಶದ ಪತ್ರಿಕೆಗಳೆಲ್ಲ ಸುಖವಾಗಿವೆ ಎಂದಲ್ಲ. ಅಮೆರಿಕದ ‘ಪಾಪ್ಯುಲರ್ ಫೋಟೋಗ್ರಫಿ’ 1937ರಿಂದ ನಡೆದು 2017ರಲ್ಲಿ ಮುದ್ರಣ ನಿಲ್ಲಿಸಿತು. ಹವ್ಯಾಸಿ ರೇಡಿಯೊದವರ ‘ಸಿಕ್ಯೂ’ 1945ರಲ್ಲಿ ಶುರುವಾದದ್ದು, 2023ರಲ್ಲಿ ಮಲಗಿತು. ಅದೇ ಹವ್ಯಾಸದ ಇನ್ನೊಂದು ಹಿರಿಯ ಪತ್ರಿಕೆ ‘ಕ್ಯೂಎಸ್‌ಟಿ’ಯನ್ನು ತರುವ ಸಂಘ 2024ರಿಂದ, ಕಾಗದದ ಪ್ರತಿ ಬೇಕೆನ್ನುವ ಸದಸ್ಯರಿಂದ ಬೇರೆ ಹಣ ಕೇಳಲು ಶುರು ಮಾಡಿತು. ‘ಮಾಡೆಲ್ ರೈಲ್‌ರೋಡರ್’ 1934ರಲ್ಲಿ ತನ್ನನ್ನು ಹುಟ್ಟುಹಾಕಿದ ಸಂಸ್ಥೆಯ ಕೈತಪ್ಪಿ 2024ರಲ್ಲಿ ಬೇರೆ ಕಂಪನಿಗೆ ಮಾರಾಟವಾಯಿತು. ಬಂಗಾರಪೇಟೆಯಿಂದ ಕೂಗಳತೆಯಲ್ಲಿರುವ ತಮಿಳುನಾಡಿನಲ್ಲಿ ವಿಕಟನ್ ಬಳಗ ವಾಹನಕ್ಕೊಂದು, ಕೃಷಿಗೊಂದು, ಹಣಕಾಸಿಗೊಂದು, ಆರೋಗ್ಯಕ್ಕೊಂದು ಎಂದು ಪತ್ರಿಕೆಗಳ ಸಾಲನ್ನೇ ಹೊರಡಿಸಿತ್ತು. ಕನ್ನಡದವರು ಅಸೂಯೆಪಡಬೇಕಾದ ಸಾಲು ಅದು. ಅದರಲ್ಲೂ ಮಕ್ಕಳ ‘ಚುಟ್ಟಿ ವಿಕಟನ್’, ಸಾಹಿತ್ಯದ ‘ತಡಂ’ ನಿಂತವು.

ಕಾಗದದ ಹೊರೆಯೇ ಬೇಡ ಎಂದವರೂ ಇದ್ದಾರೆ. ಬನ್ನೇರುಘಟ್ಟದ ಕಾಡಂಚಿನ ವನ್ಯಜೀವಿ ಬಳಗವೊಂದು ತರುವ ‘ಕಾನನ’ ಕನ್ನಡದ ಇ-ಮಾಸಪತ್ರಿಕೆ. ಹಕ್ಕಿ, ಕೀಟ, ಹಾವು, ಕಾಡಿನ ಅನುಭವ ಅದರ ಸರಕು. ಅಚ್ಚಿಲ್ಲ, ಅಂಚೆಯಿಲ್ಲ, ವಾಪಸ್ ಪ್ರತಿಯಿಲ್ಲ. ಮೈಸೂರಿನ ಸಂಸ್ಕೃತ ದಿನಪತ್ರಿಕೆ ‘ಸುಧರ್ಮಾ’ 2009ರಿಂದ ಇ-ಪತ್ರಿಕೆಯನ್ನೂ ಕೊಡುತ್ತಿದೆ. 1970ರ ಜುಲೈನಲ್ಲಿ ಪಂಡಿತ ಕೆ.ಎನ್. ವರದರಾಜ ಅಯ್ಯಂಗಾರ್ ಶುರು ಮಾಡಿದ ಪತ್ರಿಕೆ ಅದು, ಮಗ ಕೆ.ವಿ. ಸಂಪತ್ ಕುಮಾರ್ ಮತ್ತು ಸೊಸೆ ಜಯಲಕ್ಷ್ಮಿ ಮುಂದುವರಿಸಿ 2020ರಲ್ಲಿ ಪದ್ಮಶ್ರೀ ಪಡೆದರು. 2021ರಲ್ಲಿ ಸಂಪತ್ ಕುಮಾರ್ ತೀರಿಕೊಂಡರು. ದಿನಪತ್ರಿಕೆಯನ್ನು ಅಂಚೆಯಲ್ಲಿ ತರಿಸಿಕೊಂಡು ಎರಡು ದಿನ ತಡವಾಗಿ ಓದಿದರೂ ಬೇಸರಪಡದ ಚಂದಾದಾರರೇ ‘ಸುಧರ್ಮಾ’ದ ಬಂಡವಾಳ. ಸುದ್ದಿಗಾಗಿ ಯಾರೂ ಅದನ್ನು ತರಿಸುವುದಿಲ್ಲ, ಭಾಷೆಗಾಗಿ ತರಿಸುತ್ತಾರೆ.

ಡಿಜಿಟಲ್ ಎಂದರೆ ಖರ್ಚಿಲ್ಲ ಎಂಬುದು ಅರ್ಧ ನಿಜ. ಪುಟ ಕಟ್ಟುವವರು, ತಿದ್ದುವವರು, ಚಿತ್ರ ಕೊಡುವವರು ಯಾರಾದರೂ ಪುಕ್ಕಟೆ ದುಡಿಯಬೇಕು. ಹಣ ಕೊಟ್ಟು ಓದುವ ಪತ್ರಿಕೆಯ ಪಿಡಿಎಫ್ ಬೆಳಗಾಗುವುದರೊಳಗೆ ಐವತ್ತು ವಾಟ್ಸ್‌ಆ್ಯಪ್ ಗುಂಪುಗಳನ್ನು ಸುತ್ತುತ್ತದೆ, ‘ಉಪಯುಕ್ತ ಮಾಹಿತಿ, ಎಲ್ಲರಿಗೂ ಹಂಚಿ’ ಎಂಬ ಒಕ್ಕಣೆಯ ಜೊತೆ. ಹಂಚಿದವರಿಗೆ ತಾವು ಕದ್ದೆವೆಂಬ ಭಾವನೆ ಕೂಡ ಇರುವುದಿಲ್ಲ. ಓದುವ ಹೊತ್ತಿಗೂ ಈಗ ಪೈಪೋಟಿಯಿದೆ. 2001ರ ಫೆಬ್ರವರಿ 28ರಂದು ಕೋಲಾರದ ಚಿನ್ನದ ಗಣಿ ಮುಚ್ಚಿದ ಮೇಲೆ ಗಣಿಯೂರಾದ ಕೆಜಿಎಫ್‌ನಿಂದ ಬೆಂಗಳೂರಿಗೆ ದುಡಿಯಲು ಹೋಗಿಬರುವವರಿಂದ ಮಾರಿಕುಪ್ಪಂ, ಊರಿಗಾಂ, ಬಂಗಾರಪೇಟೆಯ ರೈಲುಗಳು ತುಂಬಿ ತುಳುಕುತ್ತವೆ. ಹೋಗಿ ಬರುವ ಅಷ್ಟೂ ಹೊತ್ತು ಓದುವುದಕ್ಕೆ ಸಿಗುವ ಸಮಯವೇ. ಆ ಸಮಯಕ್ಕೆ ಈಗ ಪೈಪೋಟಿ ಮೊಬೈಲಿನ ಸಣ್ಣ ವಿಡಿಯೊಗಳದು. ಅವುಗಳಲ್ಲೂ ಹಕ್ಕಿ, ಕ್ಯಾಮೆರಾ, ಕೈತೋಟ ಎಲ್ಲ ಇವೆ, ಪುಕ್ಕಟೆಯಾಗಿ. ಪತ್ರಿಕೆ ಹೇಳುತ್ತಿದ್ದ ‘ಹೇಗೆ ಮಾಡುವುದು’ ಎಂಬ ಪಾಠವನ್ನು ವಿಡಿಯೊ ಚೆನ್ನಾಗಿಯೇ ಹೇಳುತ್ತದೆ, ಒಪ್ಪಬೇಕು. ಆದರೆ ಹತ್ತು ವರ್ಷದ ಟಿಪ್ಪಣಿಗಳನ್ನು ಒಂದೆಡೆ ಕಟ್ಟಿಟ್ಟು, ಯಾವ ಕೆರೆಗೆ ಯಾವ ವರ್ಷ ಯಾವ ಹಕ್ಕಿ ಬರಲಿಲ್ಲ ಎಂದು ತಿರುಗಿ ನೋಡುವ ಅನುಕೂಲ ಅದರಲ್ಲಿಲ್ಲ.

ಪತ್ರಿಕೆಗಳು ತಾವೇ ತೋಡಿಕೊಂಡ ಗುಂಡಿಯೂ ಒಂದಿದೆ, ಆಜೀವ ಚಂದಾ. ಎಂಬತ್ತು, ತೊಂಬತ್ತರ ದಶಕದಲ್ಲಿ ಎಷ್ಟೋ ಸಣ್ಣ ಪತ್ರಿಕೆಗಳು 500 ಅಥವಾ 1,000 ರೂಪಾಯಿ ತೆಗೆದುಕೊಂಡು ಬದುಕಿರುವವರೆಗೆ ಪತ್ರಿಕೆ ಕಳಿಸುವುದಾಗಿ ಮಾತು ಕೊಟ್ಟವು. ಸಾವಿರವನ್ನು ಬ್ಯಾಂಕಿನಲ್ಲಿಟ್ಟರೆ ಆಗಿನ ಶೇ 12ರ ಬಡ್ಡಿಗೆ ವರ್ಷಕ್ಕೆ 120 ರೂಪಾಯಿ, ಸಂಚಿಕೆಗಳ ಖರ್ಚು ಹುಟ್ಟುತ್ತಿತ್ತು. ಬಡ್ಡಿ ಶೇ 6ಕ್ಕೆ ಇಳಿಯಿತು, ಕಾಗದ ಏರಿತು. 2019ರಲ್ಲಿ ಆಮದು ನ್ಯೂಸ್‌ಪ್ರಿಂಟಿಗೆ ಶೇ 10ರ ಸುಂಕ ಬಿತ್ತು, ಮರುವರ್ಷ ಅದು ಶೇ 5ಕ್ಕಿಳಿದರೂ ಕೋವಿಡ್ ನಂತರ ಕಾಗದದ ಬೆಲೆಯೇ ಮೇಲೇರಿತು. ಅವತ್ತಿನ ಆಜೀವ ಸದಸ್ಯರಿಗೆ ಈಗ ಕಳಿಸುವ ಪ್ರತಿಯೊಂದು ಸಂಚಿಕೆಯೂ ನಷ್ಟದ ಬಾಬ್ತೇ. ಕೊಟ್ಟ ಮಾತನ್ನು ಮುರಿಯುವಂತಿಲ್ಲ, ಮುರಿದರೆ ಮೊದಲು ಪತ್ರ ಬರುವುದು ಆ ಹಿರಿಯ ಓದುಗರಿಂದಲೇ.

ಬೆಲೆ ಏರಿಸಲು ಹೆದರುವುದು ಇನ್ನೊಂದು ತಪ್ಪು. ಹವ್ಯಾಸಕ್ಕೆಂದು ಲೆನ್ಸಿಗೆ ಮೂವತ್ತು ಸಾವಿರ ಹಾಕುವವರು, ದುರ್ಬೀನಿಗೆ ಹತ್ತು ಸಾವಿರ ಕೊಡುವವರು ಪತ್ರಿಕೆಗೆ ವರ್ಷಕ್ಕೆ 600 ರೂಪಾಯಿ ಕೊಡಲಾರರು ಎಂದು ಸಂಪಾದಕರು ತಾವೇ ತೀರ್ಮಾನಿಸಿಬಿಡುತ್ತಾರೆ. ವಾರಪತ್ರಿಕೆಯ ಬೆಲೆಯೊಂದಿಗೆ ಹೋಲಿಸಿಕೊಂಡು ಇಪ್ಪತ್ತಕ್ಕೋ ಮೂವತ್ತಕ್ಕೋ ನಿಲ್ಲಿಸುತ್ತಾರೆ. ಲಕ್ಷಗಟ್ಟಲೆ ಅಚ್ಚಾಗುವ ಪತ್ರಿಕೆಯ ಬೆಲೆಗೆ ಸಾವಿರ ಪ್ರತಿಯ ಪತ್ರಿಕೆಯನ್ನು ಕೊಡಲು ಯಾವ ಅಚ್ಚಿನ ಮನೆಗೂ ಸಾಧ್ಯವಿಲ್ಲ. ಎರಡು ತಿಂಗಳಿಗೊಂದೇ ಬರಲಿ, ದಪ್ಪಗಿರಲಿ, ಬೆಲೆ ನೂರು ಇರಲಿ. ಅಂಗಡಿಗೆ ಕಳಿಸುವುದು ಬೇಡ, ಚಂದಾದಾರರಿಗೆ ಮಾತ್ರ ಹೋಗಲಿ. ಇವತ್ತು ಹೊಸದಾಗಿ ಶುರು ಮಾಡುವವರು ಉಳಿಯಬಹುದಾದ ದಾರಿ ಇದೊಂದೇ ಎನ್ನಬೇಕು.

ಓದುಗರಿಂದ ಆಗಬೇಕಾದದ್ದು ಹೆಚ್ಚೇನಿಲ್ಲ. ನಿಮ್ಮ ಮನೆಗೆ ಬರುವ ಸಣ್ಣ ಪತ್ರಿಕೆಯ ಅಂಚೆ ಸುತ್ತನ್ನು ಹರಿದು ಬಿಸಾಡುವ ಮುಂಚೆ ವಿಳಾಸದ ಚೀಟಿಯನ್ನು ಒಮ್ಮೆ ನೋಡಿ. ಹೆಸರಿನ ಪಕ್ಕದಲ್ಲೋ ಮೇಲಿನ ಮೂಲೆಯಲ್ಲೋ ನಿಮ್ಮ ಚಂದಾ ಮುಗಿಯುವ ತಿಂಗಳು ಇರುತ್ತದೆ. ಅದು ದಾಟಿದ ಮೇಲೂ ಎರಡು ಮೂರು ಸಂಚಿಕೆ ಸಂಕೋಚದಿಂದ ಬಂದಿರಬಹುದು. ಒಂದು ವರ್ಷದ ಹಣ ಕಳಿಸಿ, ಆ ಬಾಕಿ ಸಂಚಿಕೆಗಳದ್ದನ್ನೂ ಸೇರಿಸಿ ಕಳಿಸಿ; ಆಜೀವ ಚಂದಾ ಮಾತ್ರ ಕೇಳಬೇಡಿ.